ಅರಿಸಿನ ಬಿದ್ದ ಜಾಡಿ

೧೯೮೬ರ ಮಾತು. ಬಳ್ಳಾರಿಯ ಕಂಟೋನ್ಮೆಂಟಿನ ಹಳೆಯ ಬಂಗಲೆಯೊಂದರಲ್ಲಿ ಡಾಕ್ಟರ್ ವಿರೂಪಾಕ್ಷಪ್ಪನವರ ಲ್ಯಾಬು. ಅಲ್ಲಿ ನಾನು ಟೆಕ್ನಿಷಿಯನ್. ರಕ್ತದಿಂದ ಬಿಳಿ ಕಣಗಳನ್ನು ಬೇರ್ಪಡಿಸಿ, ತಟ್ಟೆಯ ಸಣ್ಣ ಗುಳಿಗಳಿಗೆ ಹಾಕುವುದು. ಅರ್ಧ ಗುಳಿಗಳಿಗೆ ಕುಷ್ಠದ ಕ್ರಿಮಿಯ ಪ್ರೋಟೀನಿನ ಒಂದು ಚೂರು, ಅದೇ ಪೆಪ್ಟೈಡ್. ಉಳಿದರ್ಧಕ್ಕೆ ಏನೂ ಇಲ್ಲ. ತಟ್ಟೆಯನ್ನು ಗಾಜಿನ ಜಾಡಿಯಲ್ಲಿಟ್ಟು, ಕಣಗಳಿಗೆ ಬೇಕಾದ ಇಂಗಾಲದ ಗಾಳಿಗಾಗಿ ಪಕ್ಕದಲ್ಲಿ ಮೇಣದಬತ್ತಿ ಹಚ್ಚಿ ಮುಚ್ಚಿ, ಆರು ದಿನ ಇನ್ಕ್ಯುಬೇಟರಿನ ಮೈಬಿಸಿಯಲ್ಲಿಡಬೇಕು. ಆ ಕ್ರಿಮಿಯನ್ನು ಹಿಂದೆ ಕಂಡಿದ್ದ, ಟಿ ಎಂಬ ಬಿಳಿ ಕಣಗಳು ಗುರುತು ಹಿಡಿದು ಉಬ್ಬುತ್ತವೆ. ಪೆಪ್ಟೈಡ್ ಇಲ್ಲದ ಗುಳಿಯಲ್ಲಿ ಸುಮ್ಮನಿರಬೇಕು.

ಸಿರುಗುಪ್ಪದ ಉಚ್ಚೆಂಗೆಮ್ಮ ಈ ಸಂಶೋಧನೆಗೆ ರಕ್ತ ಕೊಡಲು ಬಂದಳು. ಕುಷ್ಠ ಗುಣವಾಗಿ ಎರಡು ವರ್ಷವಾಗಿತ್ತು. ಕುರುಗೋಡಿನಲ್ಲಿ ಅವಳ ಮಗಳು ಹೆತ್ತಿದ್ದಳು, ಅಳಿಯ ಮಾತ್ರ ಕೂಸನ್ನು ಮುಟ್ಟಗೊಡುತ್ತಿರಲಿಲ್ಲ. ಗುಣವಾಗಿದೆ ಎಂದು ಡಾಕ್ಟರು ಬರೆದುಕೊಟ್ಟ ಚೀಟಿಯನ್ನೂ ಅವನು ನಂಬಿರಲಿಲ್ಲ.

“ಮಿಷನ್ನಿನ್ಯಾಗ ನೋಡಿ ಹೇಳಿದ್ರ ನಂಬ್ತಾನಂತ್ರೀ,” ಅಂದಳು.

“ಈ ಪರೀಕ್ಷಿ ರೋಗ ಐತೋ ಇಲ್ಲೋ ಹೇಳಂಗಿಲ್ಲ ಯವ್ವಾ,” ಎಂದು ಡಾಕ್ಟರು ಎಷ್ಟು ಹೇಳಿದರೂ ಅವಳ ಆಸೆ ಬಿಡಲಿಲ್ಲ.

ಮಾರನೇ ದಿನ ಆಯುಧಪೂಜೆ. ಮೈಕ್ರೋಸ್ಕೋಪಿಗೆ, ಇನ್ಕ್ಯುಬೇಟರಿನ ಬಾಗಿಲಿಗೆ ವಿಭೂತಿ ಹಚ್ಚಿದೆ. ಅಷ್ಟು ಪ್ರತಿವರ್ಷದ ವಾಡಿಕೆ. ಆದರೆ ಈ ಸಲ ಉಚ್ಚೆಂಗೆಮ್ಮನ ಜಾಡಿಯ ಮುಚ್ಚಳ ತೆಗೆದು, ಒಳಗಿನ ತಟ್ಟೆಯ ಮೇಲೂ ಅರಿಸಿನದ ನೀರು ಚಿಮುಕಿಸಿದೆ. ಯಾಕೆ? ಹೆದರಿಕೆ! ಹನ್ನೊಂದು ವರ್ಷ ಇದೇ ಕೆಲಸ ಮಾಡಿದವಳಿಗೆ ಹೆದರಿಕೆ. ಉಚ್ಚೆಂಗೆಮ್ಮ ಕೂತೆದ್ದ ಕುರ್ಚಿಯನ್ನು ಅವಳೆದುರೇ ಮೂರು ಸಲ ಫಿನಾಯಿಲ್ ಹಾಕಿ ಒರೆಸಿದವಳೂ ನಾನೇ.

ಆರನೇ ದಿನ ನೋಡಿದರೆ ಎಲ್ಲ ಗುಳಿಗಳಲ್ಲೂ ಬೂಷ್ಟು.

“ಕರೆಂಟ್ ಹೋಗಿತ್ತೇನ್ರೀ ಗುರುಬಸಮ್ಮ?” ಡಾಕ್ಟರು ಕೇಳಿದರು.

ಹೌದು ಅಂದರೆ ಮುಗಿಯುತ್ತಿತ್ತು. ಬಾಯಿಗೂ ಬಂದಿತ್ತು. “ಇಲ್ರೀ ಸರ, ನಾನಾ ಕೆಡಿಸೀನಿ,” ಎಂದು ಎಲ್ಲ ಹೇಳಿಬಿಟ್ಟೆ. ಅವರು ಬೈದಿದ್ದರೆ ಚೆನ್ನಾಗಿತ್ತು, ಬೈಯಲಿಲ್ಲ.

“ಪೆಪ್ಟೈಡ್ ಇನ್ನೊಂದು ಸಲಕ್ಕ ಐತಿ. ಆಕಿನ್ನ ಮತ್ತ ಕರಸ್ರಿ. ಹೋಲಿಸಿ ನೋಡಾಕ ರೋಗ ಬರದವ್ರ ರಕ್ತಾನೂ ಬೇಕು, ನಿಮ್ದಾ ಹಾಕ್ರಿ.”

ಉಚ್ಚೆಂಗೆಮ್ಮ ಬಂದಾಗ ತಪ್ಪು ಒಪ್ಪಿಕೊಂಡೆ. “ಓದಿದ ನೀವಾ ಹಿಂಗಂದ್ರ, ನಮ್ಮ ಅಳಿಯನ್ನ ಏನಂತ ಬೈಲ್ರೀ?” ಎಂದು ತೋಳು ಚಾಚಿದಳು. ತಲೆ ಎತ್ತದೆ ಸೂಜಿ ಚುಚ್ಚಿದೆ.

ಈ ಸಲ ಜಾಡಿಯ ಹತ್ತಿರ ನೊಣವನ್ನೂ ಸುಳಿಯಗೊಡಲಿಲ್ಲ. ಆರು ದಿನ ಕಳೆದು ಸ್ಲೈಡು ಮಾಡಿದೆ. ಪೆಪ್ಟೈಡ್ ಇಲ್ಲದ ಗುಳಿಯಲ್ಲಿ ಅವಳ ಕಣಗಳು ಸುಮ್ಮನಿದ್ದವು, ಪೆಪ್ಟೈಡ್ ಇದ್ದ ಗುಳಿಯಲ್ಲಿ ದಪ್ಪಗೆ ಉಬ್ಬಿದ್ದವು. ಆಮೇಲೆ ನನ್ನ ಸ್ಲೈಡು ಇಟ್ಟೆ. ಅಯ್ಯೋ ಶಿವನೇ, ಅಲ್ಲೂ ಹಾಗೆಯೇ!

“ಸರ, ನನಗೂ ಬಂದೈತೇನ್ರೀ?”

“ರೋಗ ಅಲ್ರೀ. ಈ ಸೀಮ್ಯಾಗ ಭಾಳ ಮಂದಿಗೆ ಆ ಕ್ರಿಮಿ ಎಂದೋ ತಾಗಿರತೈತಿ. ನಿಮಗ ಗೊತ್ತಾಗದಂಗ ನಿಮ್ಮ ಮೈ ಗೆದ್ದೈತಿ. ಆಕಿ ಔಷಧ ತಗೊಂಡು ಗೆದ್ದಾಳ, ಅಷ್ಟಾ.”

ಹೊರಗೆ ಬಂದೆ. ಉಚ್ಚೆಂಗೆಮ್ಮ ಕಾಯುತ್ತಿದ್ದಳು. ಕುರ್ಚಿ ಖಾಲಿ ಇತ್ತು, ಅವಳು ನೆಲದ ಮೇಲೆ ಕೂತಿದ್ದಳು. ನಾನೂ ಅವಳ ಪಕ್ಕ ನೆಲಕ್ಕೇ ಕೂತೆ.

“ಮಿಷನ್ನು ಏನಂತ್ರೀ?”

“ನಿನ್ನ ರಕ್ತ, ನನ್ನ ರಕ್ತ ಒಂದಾ ಮಾತು ಹೇಳಿದ್ವು. ಏಳ ಯಕ್ಕಾ, ಕುರುಗೋಡು ಬಸ್ಸು ಹಿಡಿಯೋಣು. ನಿನ್ನ ಅಳಿಯ ಮೊದ್ಲು ನನ್ನ ಕೈಗೆ ಕೂಸು ಕೊಡ್ಲಿ. ಕೊಟ್ಟ ಮ್ಯಾಲ ಅವಂಗ ಈ ಮಾತು ಹೇಳತೀನಿ.”