ಇಬ್ಬರ ಹೆಸರಿನ ಫರ್ಸಿ ಅಂಗಡಿ

ಕೂದಲು ನರೆಯುವ ತನಕ ಶಹಾಬಾದಿನಲ್ಲಿ ಇನ್ನೊಬ್ಬರ ಕೈಕೆಳಗೆ ನೆಲಕ್ಕೆ ಹಾಸುವ ಫರ್ಸಿ ಕಲ್ಲು ತಿಕ್ಕಿದ ತಮ್ಮಣ್ಣ, ನಬೀಸಾಬ ಇಬ್ಬರೂ ಕೊನೆಗೊಮ್ಮೆ ಸ್ವಂತ ಅಂಗಡಿಗೆ ಕೈಹಾಕಿದರು. ವಾಡಿ ರಸ್ತೆಗೆ ಜಾಗ ಸಿಕ್ಕಿತು, ಯಂತ್ರ ಬಂತು. ಬಾಗಿಲ ಮೇಲಿಡಲು ‘ನಬೀಸಾಬ ತಮ್ಮಣ್ಣ ಫರ್ಸಿ’ ಎಂದು ನಬೀಸಾಬನೇ ಕಲ್ಲು ಕೆತ್ತಿದ. ಅವನ ಹೆಸರೇ ಮೊದಲಿರಲಿ ಎಂದು ಹಟ ಹಿಡಿದವನು ತಮ್ಮಣ್ಣ. ಇನ್ನು ಕಾಯದೆಯ ಕಣ್ಣಿಗೆ ಈ ಅಂಗಡಿ ಯಾವ ಜಾತಿಯದೆಂದು ಆಡಿಟರ್ ಕಾಶೀನಾಥರ ಹತ್ತಿರ ಬರೆಸುವುದಷ್ಟೇ ಬಾಕಿ.

ಒಬ್ಬರ ಹೆಸರಿಗೆ ಮಾಡಬಹುದು, ಇಬ್ಬರೂ ಪಾಲುದಾರರಾಗಬಹುದು, ಓಡಾಟ ಹೆಚ್ಚಾದರೂ ಸರಿ ಎಂದರೆ ಕಂಪನಿ ಮಾಡಬಹುದು ಎಂದರು ಕಾಶೀನಾಥ. ಪಾಲುದಾರಿಕೆಯೇ ಸಾಕೆಂದು ತಮ್ಮಣ್ಣ ಆಗಲೇ ತಲೆಯಾಡಿಸಿದ್ದ. ನಬೀಸಾಬ ಹೆಗಲ ಮೇಲಿನ ವಲ್ಲಿಯಲ್ಲಿ ಬಾಯಿ ಮುಚ್ಚಿ ಕೆಮ್ಮಿ, ಮೆಲ್ಲಗೆ ಕೇಳಿದ.

“ಸಾಹೇಬ್ರ, ಒಬ್ಬಾಂವ ಸತ್ರೂ ನಿಲ್ಲದಂಥದ್ದು ಯಾವುದ್ರಿ?”

ಕಂಪನಿ ನಡೆಯುತ್ತದೆ, ಇಬ್ಬರದೇ ಪಾಲುದಾರಿಕೆಯಾದರೆ ಒಬ್ಬ ಹೋದ ದಿನವೇ ಮುಗಿಯುತ್ತದೆ ಎಂದರು ಅವರು.

ತಮ್ಮಣ್ಣನ ಪಿತ್ತ ನೆತ್ತಿಗೇರಿತು. ಬೆಳಗ್ಗೆ ಬಸವಣ್ಣನ ಗುಡಿಯಲ್ಲಿ ಕಾಯಿ ಒಡೆಸಿ ಬಂದವನು ಅವನು. ಅಶುಭ ಬಾಯಲ್ಲಿ ಬರಬಾರದೆಂದು ದೀಪ ಆರಿಸು ಎನ್ನದೆ ದೊಡ್ಡದು ಮಾಡು ಎನ್ನುವ, ಜೋಳದ ಡಬ್ಬಿ ಬರಿದಾದರೂ ತುಂಬಿದೆ ಎನ್ನುವ ಮನೆತನ ಅವನದು.

“ಚಲೋ ಕೆಲಸಕ್ಕ ಕುಂತಾಗ ಸಾವಿನ ಮಾತು ತೆಗೀತಿಯಲ್ಲ ನಬೀ, ನಾ ಸಾಯಲಿ ಅಂತ ಕಾಯಾಕತ್ತೀಯೇನು?”

ನಬೀಸಾಬನ ಮುಖ ಸಣ್ಣದಾಯಿತು. ತಮ್ಮಣ್ಣ ಹೇಳಿದಂತೆಯೇ ಬರೆಯಿರಿ ಎಂದು ಸಹಿ ಹಾಕಿದ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ತಮ್ಮಣ್ಣನಿಗೆ ಅದು ಆಗ ಎಲ್ಲಿ ಹೊಳೆಯಬೇಕು, ಚಹಾ ಕುಡಿಸಿ ಎಲ್ಲ ಸರಿಹೋಯಿತೆಂದುಕೊಂಡ.

ಒಂದು ಮಳೆಗಾಲ ಕಳೆಯುವಷ್ಟರಲ್ಲಿ ನಬೀಸಾಬ ತೀರಿಕೊಂಡ. ಕಲ್ಲಿನ ಧೂಳು ಎದೆಯಲ್ಲಿ ಕೂತಿತ್ತು. ಗಿರಾಕಿಗಳು ಕೇಳಿದರೆ ತಮ್ಮಣ್ಣ “ನಬೀ ಇಲ್ಲ” ಅನ್ನುತ್ತಿದ್ದ, ಸತ್ತ ಎನ್ನಲು ಬಾಯಿ ಬರುತ್ತಿರಲಿಲ್ಲ. ಪಾಲುದಾರಿಕೆ ಮುಗಿಯಿತು, ಈಗ ನಿಮ್ಮೊಬ್ಬರ ಹೆಸರಿಗೇ ಮಾಡಬೇಕು ಎಂದರು ಕಾಶೀನಾಥ. ತಮ್ಮಣ್ಣ ಒಪ್ಪಲಿಲ್ಲ. ಕಂಪನಿಗೆ ಇಬ್ಬರು ಬೇಕಲ್ಲ, ನಬೀಸಾಬನ ಹೆಂಡತಿ ಜೈತುನ್ಬೀ ಸೇರಿದರೆ ಬಾಗಿಲ ಮೇಲಿನ ಆ ಹೆಸರು ಉಳಿದೀತು ಎಂದು ಅವಳ ಮನೆಗೆ ಓಡಿದ.

ಜೈತುನ್ಬೀ ತೊಗರಿಬೇಳೆ ಹಸನು ಮಾಡುತ್ತಿದ್ದಳು. ಪೂರ್ತಿ ಕೇಳಿ, ಆ ಧೂಳಿನ ಸಂಬಂಧ ತನಗೆ ಇನ್ನು ಬೇಡವೆಂದಳು. ಆಮೇಲೆ ತಲೆ ಎತ್ತಿದಳು.

“ಕಂಪನೀನೇ ಮಾಡಬೇಕಂತ ಅವರಿಗಿತ್ತು, ಭಾಯ್. ಭಾಳ ದಿನ ಉಳಿಯಂಗಿಲ್ಲಂತ ಡಾಕ್ಟರು ಆವಾಗ್ಲೇ ಹೇಳಿಬಿಟ್ಟಿದ್ರು. ನಾ ಸತ್ತ ಮ್ಯಾಲ ತಮ್ಮಣ್ಣ ಒಬ್ಬನೇ ಮತ್ತ ಮೊದಲಿಂದ ಸುರು ಮಾಡಬಾರದು ಅಂತಿದ್ರು. ನೀವು ಬೈದಿದ್ದಕ್ಕ, ಅಂವಗ ಹೇಳಬ್ಯಾಡ, ಸಾವಂದ್ರ ಭಾಳ ಹೆದರ್ತಾನ ಅಂದ್ರು.”

ಯಾಕೆ ಹಾಗೆ ಕೇಳುತ್ತೀ ಎಂದು ಆ ದಿನ ತಮ್ಮಣ್ಣ ಒಂದು ಮಾತು ಕೇಳಿದ್ದರೆ! ಕೇಳಲಿಲ್ಲ.

ಮರುದಿನ ಕಾಶೀನಾಥರು ಅಂಗಡಿಯ ಮಾಲೀಕರ ಹೆಸರು ಕೇಳಿದರು. ತಮ್ಮಣ್ಣನ ನಾಲಿಗೆ ರೂಢಿಯಂತೆ “ನಬೀಸಾಬ” ಎಂದು ಸುರು ಮಾಡಿ ಅಲ್ಲೇ ನಿಂತಿತು. ಇನ್ನು ಇಬ್ಬರ ಹೆಸರು ಬರುವುದಿಲ್ಲ ಎಂದು ಅವರು ನೆನಪಿಸಿದರು.

“ಬರೇ ತಮ್ಮಣ್ಣ ಅಂತ ಬರೀರಿ,” ಎಂದ. “ನಬೀ ಸತ್ತಾನ.”