ತೂಕದ ತುಂಡು

ಬೆಚ್ಚಗಿದೆ, ಅಂಗೈಯಗಲದ ಈ ತುಂಡು ಯಾಕೆ ಬೆಚ್ಚಗಿದೆ, ಬಿಸಿಲು ಇನ್ನೂ ಗೋಡೆ ಹತ್ತಿಲ್ಲ, ಒಣಗಲು ಪೇರಿಸಿದ ಮರದಟ್ಟಿ ಇರುವುದು ಮನೆಯ ಹಿಂದಿನ ನೆರಳಲ್ಲಿ, ಮೇಲಿನ ಹಲಗೆ ತಣ್ಣಗೆ, ಕೆಳಗಿನದು ಇನ್ನೂ ತಣ್ಣಗೆ, ನಡುವೆ ಗಾಳಿಯಾಡಲೆಂದು ತಾನೇ ಕೊಟ್ಟ ಪಟ್ಟಿಗಳೂ ಇಬ್ಬನಿಗೆ ನೆಂದಿವೆ — ಇದೊಂದೇ ಬೆಚ್ಚಗೆ, ಈಗಷ್ಟೇ ಮಡಿಲಿಂದ ಇಳಿದ ಕೂಸಿನ ಹಾಗೆ. ಬಡಗಿ ಅದನ್ನು ಕೈಯಿಂದ ಕೈಗೆ ಬದಲಾಯಿಸಿದ. ತೂಕದ ತುಂಡು, ಅದೇ ಮರದಿಂದ ಅಷ್ಟೇ ದಪ್ಪಕ್ಕೆ ಕುಯ್ದದ್ದು, ಹಗಲೂ ರಾತ್ರಿ ಅಟ್ಟಿಯ ಜೊತೆಯಲ್ಲೇ ಇರಬೇಕು, ವಾರಕ್ಕೊಮ್ಮೆ ಅಡಿಗೆಮನೆಯ ತಕ್ಕಡಿಗೆ ಹಾಕಬೇಕು, ಒಣಗುತ್ತ ಹಗುರಾಗುತ್ತದೆ, ಮೂರು ವಾರ ತಕ್ಕಡಿಯ ಮುಳ್ಳು ಒಂದೇ ತೂಕದಲ್ಲಿ ನಿಂತರೆ ಇಡೀ ಅಟ್ಟಿ ಒಣಗಿತೆಂದು ಅರ್ಥ, ಮರ ಸುಳ್ಳು ಹೇಳಲ್ಲ ಮಗನೇ, ಮನುಷ್ಯ ಹೇಳ್ತಾನೆ, ಅಪ್ಪ ಹೇಳುತ್ತಿದ್ದ, ಕೆಮ್ಮುತ್ತ, ಉಳಿ ಮಸೆಯುತ್ತ, ಇವತ್ತಿಗೆ ಮೂರನೆಯ ವಾರ, ಮುಳ್ಳು ನಿಂತಿದ್ದರೆ ನಾಳೆಯೇ ಹಲಗೆಗಳನ್ನು ಒಳಗಿಂದ ಹಿಡಿಯುವ ಪಕ್ಕೆಲುಬು ಕಡೆಯಬಹುದು, ತಮ್ಮನ ದೋಣಿಗೆ, ಒಂಬತ್ತು ವರ್ಷದಿಂದ ಮಗುಚಿ ಬಿದ್ದಿರುವ ದೋಣಿಗೆ. ತಮ್ಮನ ಮಗಳು ಅದನ್ನೇ ನೀರಿಗಿಳಿಸುತ್ತಾಳಂತೆ. ಬೇರೆ ಬಡಗಿ ಇದ್ದಿದ್ರೆ ನಿಮ್ಮ ಬಾಗಿಲಿಗೆ ಬರ್ತಿರ್ಲಿಲ್ಲ ಭಾವ, ಎಂದಿದ್ದಳು ತಮ್ಮನ ಹೆಂಡತಿ, ಹೊಸ್ತಿಲ ಆಚೆಯೇ ನಿಂತು, ಕೊಟ್ಟ ನೀರನ್ನೂ ಮುಟ್ಟದೆ, ಈ ಸಲ ಒಣಗಿದ ಮೇಲೇ ಒಣಗಿದೆ ಅನ್ನಿ.

ಆ ಸಲವೂ ಒಣಗಿದ ಮೇಲೇ ಅಂದದ್ದು, ಮೂರು ವಾರ ಮುಳ್ಳು ನಿಂತಿತ್ತು, ಕಣ್ಣಾರೆ ನೋಡಿದ್ದ, ಅದಕ್ಕೆ ಮುಂಚೆ ವಾರವಾರವೂ ಊಟದ ತಟ್ಟೆಯ ಮುಂದೆ ಜಗಳ, ಒಣಗಿತಾ ಅಣ್ಣ, ನಿನ್ನ ಮರ ಒಣಗೋದ್ರೊಳಗೆ ನನ್ನ ತಲೆ ಬೆಳ್ಳಗಾಗ್ತದೆ, ಆತುರಗಾರನಿಗೆ ಬುದ್ಧಿ ಮಟ್ಟ ಕಣೋ, ತಮ್ಮ ತಟ್ಟೆ ತಳ್ಳಿ ಏಳುತ್ತಿದ್ದ, ಅಮ್ಮ ಸೌಟು ಹಿಡಿದು ಇಬ್ಬರ ಮುಖ ನೋಡುತ್ತಿದ್ದಳು — ಆಮೇಲೆ ಮುಳ್ಳು ನಿಂತಿತು, ಪಕ್ಕೆಲುಬು ಕೂರಿಸಿ ಬೋಲ್ಟು ಬಿಗಿದ, ಬೇಸಿಗೆಯೆಲ್ಲ ದೋಣಿ ದಡದ ಮೇಲಿತ್ತು, ಒಳಗೆ ಹಸಿ ಉಳಿದಿದ್ದ ಮರ ಅಲ್ಲಿ ಕುಗ್ಗಿತು, ಬೋಲ್ಟು ಸಡಿಲವಾಯಿತು, ಬಣ್ಣದಡಿಯಲ್ಲಿ ಯಾರಿಗೂ ಕಾಣಲಿಲ್ಲ, ಮೊದಲ ದೊಡ್ಡ ಅಲೆಗೆ ಹಲಗೆ ಬಾಯಿಬಿಟ್ಟಿತು. ದೋಣಿ ಅಂದೇ ಸಿಕ್ಕಿತು, ತಮ್ಮ ಸಿಕ್ಕಿದ್ದು ಮೂರು ದಿನ ಕಳೆದು. ತಕ್ಕಡಿಯೇ ಕೆಟ್ಟಿರಬೇಕು ಎಂದದ್ದಕ್ಕೆ ದಡದ ಮೇಲೆ ನಕ್ಕರು, ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ತಕ್ಕಡಿಯನ್ನು ಮೂರು ಕಡೆ ಒಯ್ದು ಪರೀಕ್ಷಿಸಿದ, ಕೂದಲೆಳೆ ತಪ್ಪಿರಲಿಲ್ಲ, ಹಾಗಾದರೆ ಕಣ್ಣು, ಹಾಗಾದರೆ ಬುದ್ಧಿ, ತಮ್ಮ ಬೇಗ ಹೋಗಲಿ ಎಂದು ಮನಸ್ಸೇ ಮುಳ್ಳನ್ನು ನಿಲ್ಲಿಸಿತೇ, ಒಂಬತ್ತು ವರ್ಷ ಹಾಸಿಗೆಯಲ್ಲಿ ಇದೇ ಪ್ರಶ್ನೆ. ಮತ್ತು ಈ ತುಂಡು ಬೆಚ್ಚಗಿದೆ.

ಸಿಕ್ತೇನೋ, ಅಮ್ಮ ಹಿತ್ತಿಲ ಬಾಗಿಲಿಗೆ ಬಂದಿದ್ದಾಳೆ, ಬೂದಿಯ ಕೈ, ಬಾಗಿದ ಬೆನ್ನು, ಈಗ್ತಾನೆ ಹೊರಗಿಟ್ಟೆ, ರಾತ್ರಿಯೆಲ್ಲ ಒಲೆ ಪಕ್ಕದಲ್ಲೇ ಇತ್ತು, ಚೆನ್ನಾಗಿ ಒಣಗಿದೆ ನೋಡು. ಯಾವಾಗಿನಿಂದಮ್ಮ. ದಿನಾ ಇಡ್ತೀನಿ, ಆಗಲೂ ಇಡ್ತಿದ್ದೆ, ನೀವಿಬ್ರೂ ಕಿತ್ತಾಡ್ತಿದ್ರಲ್ಲ, ಬೇಗ ಒಣಗಿದ್ರೆ ಜಗಳ ನಿಲ್ತದೆ ಅಂತ, ದೊಡ್ಡ ಹಲಗೆ ನನ್ನಿಂದಾಗಲ್ಲಪ್ಪ, ನನ್ನ ಕೈಲಿ ಎತ್ತೋಕಾಗೋದು ಇದೊಂದೇ. ನಗುತ್ತಿದ್ದಾಳೆ, ಎರಡು ಹಲ್ಲು ಉಳಿದ ನಗು, ತಿಳಿದಿಲ್ಲ, ಏನೂ ತಿಳಿದಿಲ್ಲ ಇವಳಿಗೆ — ಒಲೆಯ ಪಕ್ಕ ತುಂಡು ಒಣಗಿತು, ಅಟ್ಟಿ ಹಸಿಯಾಗಿಯೇ ಉಳಿಯಿತು, ತಕ್ಕಡಿ ತಪ್ಪಲಿಲ್ಲ, ಕಣ್ಣು ತಪ್ಪಲಿಲ್ಲ, ಒಂದು ಮಾತು ಸಾಕು, ನಾನಲ್ಲ, ಎದೆಯ ಮೇಲಿನ ಕಲ್ಲು ಇಳಿಯುತ್ತದೆ, ಇಳಿದು ಕೂರುವುದು ಎಲ್ಲಿ, ಈ ಬಾಗಿದ ಬೆನ್ನಿನ ಮೇಲೆ, ಹೆತ್ತವಳ ಮೇಲೆ. ಗೇಟು ಕಿರುಗುಟ್ಟಿತು. ತಮ್ಮನ ಹೆಂಡತಿ, ಮೂರನೆಯ ವಾರವೆಂದು ಅವಳಿಗೂ ನೆನಪಿದೆ, ನಿಂತಿತಾ ಭಾವ ಮುಳ್ಳು. ಇಲ್ಲ, ಇನ್ನೂ ಹಸಿ, ಇನ್ನಾರು ತಿಂಗಳು ಬೇಕು. ಮತ್ತೆ ಆವತ್ತು ಹೇಗೆ ನಿಂತಿತ್ತು, ಅವಳು ಕಣ್ಣು ಕೀಳಲಿಲ್ಲ. ಬಾಗಿಲಲ್ಲಿದ್ದ ಅಮ್ಮನನ್ನೊಮ್ಮೆ ನೋಡಿದ. ಆವತ್ತು ನಾನು ತಕ್ಕಡಿ ನೋಡೇ ಇರ್ಲಿಲ್ಲ, ಸುಮ್ಮನೆ ಒಣಗಿದೆ ಅಂದುಬಿಟ್ಟೆ. ನಂಗೊತ್ತಿತ್ತು ಎಂದಳು ತಮ್ಮನ ಹೆಂಡತಿ, ಬೇರೆ ಬಡಗಿಯನ್ನ ಎಲ್ಲಿಂದಾದ್ರೂ ಕರೆಸ್ತೀನಿ, ತಿರುಗಿ ನಡೆದಳು, ಅಮ್ಮ ಗೋಡೆ ಹಿಡಿದು ನಿಂತಲ್ಲೇ ಅವನನ್ನು ನೋಡಿದಳು, ಈ ಮನೆಯಲ್ಲಿ ಇಷ್ಟು ವರ್ಷ ಯಾವತ್ತೂ ನೋಡದ ಹಾಗೆ, ತಕ್ಕಡಿ ನೋಡಿರಲಿಲ್ವೇನೋ, ಅವನು ನಿನ್ನ ತಮ್ಮ ಅಲ್ವೇನೋ, ಎಂದು ಒಳಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡಳು, ಹೇಳಬೇಡ, ಅಮ್ಮನಿಗೆ ಹೇಳಬೇಡ ಎಂದುಕೊಂಡ, ಅಟ್ಟಿ ತಣ್ಣಗೆ, ಪಟ್ಟಿಗಳು ತಣ್ಣಗೆ, ಅಂಗೈಯಲ್ಲಿ ತುಂಡು ಇನ್ನೂ ಬೆಚ್ಚಗಿದೆ, ಇನ್ನೂ ಬೆಚ್ಚಗಿದೆ.