ನೂರಕ್ಕೆ ನಾಲ್ಕು ಕೊಸರು

ಅರಸೀಕೆರೆಯ ರೈಲ್ವೆ ಸ್ಟೇಷನ್ನಿನಿಂದ ಬಸ್ ಸ್ಟ್ಯಾಂಡಿಗೆ ಹೋಗುವ ನಮ್ಮ ರಸ್ತೆ ಮೊದಲು ಹೇಗಿತ್ತೆಂದು ನಾನು ಹೇಳಿದರೆ ನೀವು ನಂಬುವುದಿಲ್ಲ. ಅಲ್ಲಿನ ಒಂದು ಗುಂಡಿಯಲ್ಲಿ ಆಷಾಢದಲ್ಲಿ ಮುಳುಗಿದ ನನ್ನ ಎಡಗಾಲಿನ ಚಪ್ಪಲಿ ಕಾರ್ತಿಕದಲ್ಲಿ ಕಡೂರಿನಲ್ಲಿ ಸಿಕ್ಕಿತು. ಒಂದು ಬದಿಗೆ ಆಟೋ, ಇನ್ನೊಂದು ಬದಿಗೆ ಎಳನೀರಿನ ಗಾಡಿ, ನಡುವೆ ಕೊಬ್ಬರಿ ಲಾರಿ. ನಡೆಯುವವರಿಗೆ ಉಳಿದದ್ದು ಚರಂಡಿಯ ಅಂಚಿನ ಒಂದು ಗೇಣು ಕಲ್ಲು. ಅದರ ಮೇಲೆ ನಡೆದೂ ನಡೆದೂ ನಮ್ಮೂರಿನ ಅಜ್ಜಿಯರು ಎಷ್ಟು ಪಳಗಿದ್ದರೆಂದರೆ, ಯಾವ ಸರ್ಕಸ್ಸಿನವರು ಬಂದರೂ ಟಿಕೆಟ್ಟು ಹೋಗುತ್ತಿರಲಿಲ್ಲ.

ಆ ರಸ್ತೆಯ ನಟ್ಟನಡುವೆ ನನ್ನ ಅಂಗಡಿ, ಇಂದುಧರ ಸೈಕಲ್ ಮಾರ್ಟ್. ಒಂದು ಕಾಲದಲ್ಲಿ ಅರಸೀಕೆರೆ, ಬೇಲೂರು, ಹಳೇಬೀಡು ಮೂರೂ ಕಡೆ ಓಡಾಡುತ್ತಿದ್ದ ಸೈಕಲ್ಲುಗಳಲ್ಲಿ ಮುಕ್ಕಾಲು ಪಾಲು ನನ್ನ ಕೈಯಿಂದ ಹೋದವು. ಮದುವೆಯಾದ ಹೊಸತರಲ್ಲಿ ಹೆಂಡತಿ ಹೇಮಲತಾಳನ್ನು ಕ್ಯಾರಿಯರ್ ಮೇಲೆ ಕೂರಿಸಿಕೊಂಡು ಹಳೇಬೀಡಿಗೆ ತುಳಿದುಕೊಂಡೇ ಹೋಗಿದ್ದೆ. ನನ್ನ ರಭಸಕ್ಕೆ ಗುಡಿಯ ಮುಂದಿನ ನಂದಿ ಕತ್ತು ಹೊರಳಿಸಿ ನೋಡಿತ್ತು. ಜಾವಗಲ್ಲಿನಲ್ಲಿ ಚೈನು ಕಿತ್ತುಹೋಗಿ ಉಳಿದ ದಾರಿಗೆ ಲಾರಿ ಹತ್ತಿದೆವು ಎಂದು ಹೇಮಲತಾ ಸೇರಿಸುತ್ತಾಳೆ. ಅವಳಿಗೆ ಸಣ್ಣಪುಟ್ಟ ವಿವರಗಳ ಮೇಲೆ ಮೋಹ ಜಾಸ್ತಿ.

ಆದರೆ ಎರಡು ವರ್ಷದಿಂದ ತಿಂಗಳಿಗೆ ಒಂದು ಸೈಕಲ್ ಮಾರಿದರೆ ಹಬ್ಬ ಎನ್ನುವಂತಾಗಿತ್ತು. ಮಕ್ಕಳು ಅಂಗಡಿಯ ಗಾಜಿಗೆ ಮೂಗು ಒತ್ತಿ ನಿಲ್ಲುತ್ತಿದ್ದವು. ತಾಯಂದಿರು ರಟ್ಟೆ ಹಿಡಿದು ಎಳೆಯುತ್ತಿದ್ದರು. "ಈ ರಸ್ತೇಲಿ ಹೆಂಗೋ ಬಿಡ್ತೀಯಾ? ನಡಿ ಸುಮ್ನೆ." ಅವರ ಮಾತಿನಲ್ಲಿ ತಪ್ಪೇನೂ ಇರಲಿಲ್ಲ.

ಹೇಮಲತಾಳ ತಮ್ಮ ಚಿದಂಬರನಿಗೆ ಬೇಲೂರಿನಲ್ಲಿ ಸ್ಟೀಲ್ ಪಾತ್ರೆ ಅಂಗಡಿ. ಮದುವೆಗೆ ಕೊಡುವ ಪಾತ್ರೆಗಳ ಮೇಲೆ ಹೆಸರು ಕೊರೆಯಲು ಅವನಿಗೆ ಒಬ್ಬರು ಬೇಕಾಗಿತ್ತು. ಅವನ ಮನೆಯ ಗೃಹಪ್ರವೇಶದಲ್ಲಿ, ನಾಲ್ಕನೆಯ ಹೋಳಿಗೆಯ ಹೊತ್ತಿಗೆ, ಪಂಕ್ತಿಯ ನಡುವೆಯೇ ಕೇಳಿದ.

"ಭಾವ, ಅಂಗಡಿ ಹೆಂಗೆ ನಡೀತೈತೆ?"

"ನಡೆಯೋದೇನು, ಓಡ್ತೈತೆ. ನಮ್ಮ ಸ್ಟೇಷನ್ ರಸ್ತೆಗೆ ಸರ್ಕಾರ ಫುಟ್‌ಪಾತು, ಸೈಕಲ್ ದಾರಿ ಎಲ್ಲ ಮಾಡ್ತೈತೆ. ಆಮೇಲೆ ನೋಡು."

"ಮಾಡ್ದಿದ್ರೆ?"

"ಮಾಡ್ದಿದ್ರೆ ಅಂಗಡಿಗೆ ಬೀಗ ಹಾಕಿ ಬಂದು ನಿನ್ನ ಪಾತ್ರೆ ಮೇಲೆ ಹೆಸರು ಕೊರೀತೀನಿ."

ಪಂಕ್ತಿಯಲ್ಲಿದ್ದ ನಾನೂರು ಜನ ಕೇಳಿಸಿಕೊಂಡರು. ನಲವತ್ತು ಎನ್ನುತ್ತಾಳೆ ಹೇಮಲತಾ. ಮಾರನೆಯ ದಿನವೇ ಚಿದಂಬರ ಫೋನಿನಲ್ಲಿ ಒಂದು ಫೋಟೋ ಕಳಿಸಿದ: ಗಾಲಿ ಇರುವ, ಗಿರಗಿರ ತಿರುಗುವ ಕಪ್ಪು ಕುರ್ಚಿ. 'ನಿಮಗೇ ಅಂತ ತಂದಿದ್ದೀನಿ ಭಾವ' ಎಂದು ಕೆಳಗೆ ಬರೆದಿದ್ದ. ಆ ಕುರ್ಚಿ ರಾತ್ರಿಯೆಲ್ಲ ನನ್ನ ಕನಸಿನಲ್ಲಿ ತಿರುಗಿತು.

ಸರ್ಕಾರದ ವಿಷಯ ನಾನು ಪೂರ್ತಿ ಬುರುಡೆ ಬಿಟ್ಟಿರಲಿಲ್ಲ. ಅದನ್ನು ನನಗೆ ಹೇಳಿದವಳು ಸ್ವಾತಿ, ಊರಿಗೆ ಹೊಸದಾಗಿ ಬಂದಿದ್ದ ಎಂಜಿನಿಯರ್. ಊರಿನಲ್ಲಿ ಆಫೀಸಿಗೆ ಸೈಕಲ್ಲಿನಲ್ಲಿ ಹೋಗುವ ಏಕೈಕ ಅಧಿಕಾರಿ. ವಾರಕ್ಕೆರಡು ಸಲ ಪಂಕ್ಚರ್ ಹಾಕಿಸಲು ನನ್ನಲ್ಲಿಗೇ ಬರುತ್ತಿದ್ದಳು. ರೈಲು, ಬಸ್ಸು ನಿಲ್ದಾಣಗಳ ಸುತ್ತ ಜನ ನೆಮ್ಮದಿಯಾಗಿ ನಡೆಯಲು, ಸೈಕಲ್ ಹೊಡೆಯಲು ಸರ್ಕಾರ ಅನುದಾನ ಕೊಡುತ್ತದಂತೆ. ಅಗಲ ಫುಟ್‌ಪಾತು, ನೆರಳಿಗೆ ಹೊಂಗೆ ಗಿಡ, ಸೈಕಲ್ಲಿಗೆ ಬೇರೆ ದಾರಿ. ನಮ್ಮ ಕಡೆ ಈ ಸಲ ಒಂದೇ ಊರಿಗೆ. ಪಟ್ಟಿಯಲ್ಲಿ ನಾವು ಮೊದಲು, ಬೇಲೂರು ಎರಡನೆಯದು.

"ಒಂದೇ ಷರತ್ತು ಅಂಕಲ್," ಎಂದಳು ಸ್ವಾತಿ. "ಬೆಳಿಗ್ಗೆ ಆರರಿಂದ ಸಂಜೆ ಆರರವರೆಗೆ ಎಣಿಸಿದರೆ, ನಡೆಯೋರು, ಸೈಕಲ್ ಹೊಡೆಯೋರು ಸೇರಿ ಐದು ಸಾವಿರ ಜನ ಇರಬೇಕು. ಇಲ್ಲದಿದ್ರೆ ಬೇಲೂರಿಗೆ ಹೋಗುತ್ತೆ."

"ಐದು ಸಾವಿರ? ಬೆಳಗಿನ ರೈಲಿಗೇ ಲಕ್ಷ ಜನ ಇಳೀತಾರೆ ಮೇಡಂ. ನಾನೇ ಎಣಿಸಿ ಕೊಡ್ತೀನಿ."

ಅವಳು ಪಂಕ್ಚರಾದ ಟ್ಯೂಬನ್ನೇ ನೋಡುತ್ತ, "ನೀವು ಬೇಡ," ಎಂದಳು.

ನನಗೆ ಬೇಸರವಾಗಲಿಲ್ಲ. ದೊಡ್ಡವರಿಗೆ ಇಂಥದ್ದೆಲ್ಲ ಇರುತ್ತದೆ. ಹನುಮಂತಯ್ಯನ ಹೆಸರನ್ನು ಸೂಚಿಸಿದವನೂ ನಾನೇ. ಕಾಯಿ ಮಂಡಿಯಲ್ಲಿ ನಲವತ್ತು ವರ್ಷದಿಂದ ತೆಂಗಿನಕಾಯಿ ಎಣಿಸುವ ಮನುಷ್ಯ, ಹುಲಿಕೆರೆಯವನು. ಚಿಕ್ಕಂದಿನಲ್ಲಿ ಊರಿನ ಕಲ್ಯಾಣಿಯ ಮೆಟ್ಟಿಲುಗಳನ್ನು ಎಣಿಸಿ ಎಣಿಸಿಯೇ ಲೆಕ್ಕ ಕಲಿತದ್ದಂತೆ. ಅವನು 'ನೂರು' ಅಂದರೆ ಮಾರುವವನೂ ಕೊಳ್ಳುವವನೂ ತುಟಿ ಪಿಟಕ್ಕೆನ್ನುವುದಿಲ್ಲ. ಸ್ವಾತಿ ಒಪ್ಪಿದಳು.

ಗುರುವಾರ ಬೆಳಗಿನ ಆರಕ್ಕೆ ಹನುಮಂತಯ್ಯ ನನ್ನ ಅಂಗಡಿಯ ಕಟ್ಟೆಯ ಮೇಲೆ ಚಕ್ಕಂಬಟ್ಟಲು ಹಾಕಿ ಕೂತ. ಪಕ್ಕದಲ್ಲಿ ಒಂದು ಮೂಟೆ ಕಾಯಿ. ನೂರು ಜನ ದಾಟಿದಾಗ ಮೂಟೆಯಿಂದ ಒಂದು ಕಾಯಿ ತೆಗೆದು ಆಚೆ ಇಡುವುದು, ಮಂಡಿಯಲ್ಲಿ ಮಾಡುವ ಹಾಗೆಯೇ. ಅಲ್ಲಿನ ಪದ್ಧತಿಯಂತೆ 'ಒಂದು' ಅನ್ನುವ ಬದಲು 'ಲಾಭ' ಎಂದು ಶುರುಮಾಡಿದ. "ಲಾಭ, ಎರಡು, ಮೂರು..." ಮೊದಲ ರೈಲಿನಿಂದ ಇಳಿದ ಒಬ್ಬ ಬೋಳುತಲೆಯ ಮೇಷ್ಟ್ರು ತಮ್ಮನ್ನು ನೋಡಿ ಯಾರೋ 'ಲಾಭ' ಅಂದರಲ್ಲ ಎಂದು ಸಂತೋಷವಾಗಿ ನಮಸ್ಕಾರ ಮಾಡಿ ಹೋದರು.

ನಾನೂ ಸುಮ್ಮನಿರಲಿಲ್ಲ. ಹತ್ತು ಗಂಟೆಯ ಹೊತ್ತಿಗೆ ಜನ ತೆಳುವಾದಾಗ ಪಕ್ಕದ ಹೋಟೆಲಿನ ಎಂಟು ಮಂದಿಗೆ ಕಾಫಿ ಕುಡಿಸಿ, ಸ್ಟೇಷನ್ನಿಗೆ ಹೋಗಿ ಬರುವಂತೆ, ಮತ್ತೆ ಹೋಗಿ ಬರುವಂತೆ ಹೇಳಿ ಕಳಿಸಿದೆ. ಮೂರನೆಯ ಸಲ ಒಬ್ಬ ತಲೆಗೆ ಟವೆಲ್ ಸುತ್ತಿಕೊಂಡು ಕುಂಟುತ್ತ ಬಂದ. ನಿಜಕ್ಕೂ ಅದ್ಭುತವಾಗಿ ಕುಂಟಿದ.

ಹನುಮಂತಯ್ಯ ತಲೆಯೆತ್ತದೆ ಹೇಳಿದ. "ಏನ್ಲಾ, ಎಣಿಸಿದ ಕಾಯ್ನ ತಿರ್ಗಾ ರಾಶಿಗ್ ಹಾಕ್ತೀಯಾ? ವೋಗಿ ಲೋಟ ತೊಳೆಯೋಗು."

ಸಂಜೆ ಆರಕ್ಕೆ ಸ್ವಾತಿ ಬಂದಳು. ಆಚೆಗಿಟ್ಟ ಕಾಯಿ ನಲವತ್ತೆಂಟು. ಮೇಲೆ ಮೂವತ್ತೆರಡು ಜನ. ನಾಲ್ಕು ಸಾವಿರದ ಎಂಟುನೂರ ಮೂವತ್ತೆರಡು. ನೂರ ಅರವತ್ತೆಂಟು ಕಡಿಮೆ.

ಅವಳು ಎರಡು ಸಲ ಕೂಡಿ ನೋಡಿ ಪೆನ್ನಿನ ಮುಚ್ಚಳ ಹಾಕಿದಳು. ಆರು ತಿಂಗಳು ಕೂತು ನಕ್ಷೆ ಬರೆದಿದ್ದಳು, ಒಂದೊಂದು ಹೊಂಗೆ ಗಿಡದ ಜಾಗವನ್ನೂ ಗುರುತಿಸಿದ್ದಳು. "ಸೋಮವಾರ ಸಂಜೆ ಐದರೊಳಗೆ ಕಳಿಸಬೇಕು. ಇರೋದನ್ನೇ ಕಳಿಸ್ತೀನಿ."

"ಮೇಡಂ, ಒಂಬತ್ತು ಸಾವಿರ ಅಂತ ಬರೀರಿ. ಬಂದು ನೋಡೋರು ಯಾರು?"

"ಅದಕ್ಕೇ ನಿಮ್ಮನ್ನು ಎಣಿಸೋಕೆ ಕೂರಿಸಲಿಲ್ಲ ಅಂಕಲ್."

ನಾನು ಮನೆ ಮುಟ್ಟುವ ಮೊದಲೇ ಸುದ್ದಿ ಬೇಲೂರು ಮುಟ್ಟಿತ್ತು. ಊಟಕ್ಕೆ ಕೂತಾಗ ಚಿದಂಬರನ ಫೋನು. "ಭಾವ, ಕುರ್ಚಿ ಎತ್ತರ ಸರಿಹೊಂದಿಸ್ಬೇಕು. ನಿಮ್ಮ ಕಾಲಿನ ಉದ್ದ ಎಷ್ಟು?"

"ಆರೂವರೆ ಅಡಿ," ಎಂದು ಕಟ್ ಮಾಡಿದೆ.

ಹೇಮಲತಾ ಮಜ್ಜಿಗೆ ಬಡಿಸುತ್ತ, "ಬೇಲೂರೇನೂ ಕೆಟ್ಟ ಊರಲ್ಲ ರೀ," ಎಂದಳು. ತನ್ನ ತವರನ್ನು ಅವಳು ಅಷ್ಟು ಮೆತ್ತಗೆ ಹೊಗಳಿದ್ದನ್ನು ನಾನು ಎಂದೂ ಕೇಳಿರಲಿಲ್ಲ. ಅವಳ ಮನಸ್ಸಿನಲ್ಲಿ ಅಂಗಡಿ ಆಗಲೇ ಮುಚ್ಚಿತ್ತು.

ಶನಿವಾರ ಮಂಡಿಗೆ ಹೋದೆ, ಹನುಮಂತಯ್ಯನನ್ನು ತರಾಟೆಗೆ ತೆಗೆದುಕೊಳ್ಳೋಣವೆಂದು. ಹಿಮಾಲಯದಷ್ಟು ಎತ್ತರದ ಕಾಯಿರಾಶಿಯ ಮುಂದೆ ಕುಕ್ಕರಗಾಲಲ್ಲಿ ಕೂತು, ಎರಡು ಕೈಗೆ ಎರಡೆರಡು ಕಾಯಿ ಎತ್ತಿ ಆಚೆ ಎಸೆಯುತ್ತಿದ್ದ. ಬೈಗುಳ ಜೋಡಿಸಿಕೊಳ್ಳುತ್ತ ಪಕ್ಕದಲ್ಲಿ ನಿಂತೆ. "...ತೊಂಬತ್ತಾರು, ನೂರು." ಒಂದು ಕಾಯಿ ಬೇರೆ ಇಟ್ಟ. ಆಮೇಲೆ ಬಾಯಿ ಬಿಡದೆ ಇನ್ನೂ ನಾಲ್ಕು ಕಾಯಿ ಎತ್ತಿ ಎಣಿಸಿದ ರಾಶಿಗೆ ಹಾಕಿ, ಮತ್ತೆ 'ಲಾಭ' ಎಂದು ಶುರುಮಾಡಿದ.

"ಹನುಮಂತಣ್ಣ, ಆ ನಾಲ್ಕನ್ನ ಯಾಕೆ ಎಣಿಸ್ಲಿಲ್ಲ?"

"ಅದು ಕೊಸರು ಕಣಪ್ಪ. ನೂರಕ್ಕೆ ನಾಕು ಕೊಸರು ಬಿಡೋದು, ಕೊಳ್ಳೋನಿಗೆ ಪುಕ್ಕಟೆ. ನಿಮ್ಮಪ್ಪನ್ ಕಾಲದಿಂದ್ಲೂ ಐತೆ."

ನನ್ನ ಮೈಯಲ್ಲಿ ಹನ್ನೊಂದು ಸಾವಿರ ವೋಲ್ಟ್ ಹರಿಯಿತು.

"ಗುರುವಾರ... ಜನಕ್ಕೂ ಬಿಟ್ಯಾ?"

ಅವನು ನನ್ನನ್ನು ಮೊದಲ ಸಲ ತಲೆಯೆತ್ತಿ ನೋಡಿದ. ಉಪ್ಪಿಲ್ಲದೆ ಸಾರು ಮಾಡಿದೆಯಾ ಎಂದು ಕೇಳಿದವನನ್ನು ನೋಡುವಂತೆ.

"ಬಿಡ್ದೆ? ನೂರು ಅಂದ್ಮೇಲೆ ನಾಕು ಬಿಡ್ಲಿಲ್ಲ ಅಂದ್ರೆ ಮುಂದುಕ್ಕೆ ಬಾಯಿ ತಿರ್ಗಕ್ಕಿಲ್ಲ. ನಿನ್ನೂ ಕೊಸರಿಗೇ ಹಾಕಿದ್ದು. ಆ ಎಂಜಿನೇರಮ್ಮನ್ನೂವೆ."

ನಲವತ್ತೆಂಟು ನೂರು, ನೂರಕ್ಕೆ ನಾಲ್ಕರಂತೆ ನೂರ ತೊಂಬತ್ತೆರಡು. ಕೂಡಿದರೆ ಐದು ಸಾವಿರದ ಇಪ್ಪತ್ನಾಲ್ಕು. ಲೆಕ್ಕ ಮುಗಿಯುವ ಮೊದಲೇ ನಾನು ಸ್ವಾತಿಯ ಬಾಡಿಗೆ ಮನೆಯ ಕಡೆ ಸೈಕಲ್ ತುಳಿಯುತ್ತಿದ್ದೆ. ನನ್ನ ಹಿಂದೆ ಎದ್ದ ಧೂಳು ಸಂಜೆಯವರೆಗೂ ಇಳಿಯಲಿಲ್ಲ.

ಅರ್ಧ ದಾರಿಯಲ್ಲಿ ಬ್ರೇಕ್ ಹಾಕಿದೆ. ಏನೆಂದು ಹೇಳುವುದು? 'ಎಣಿಸದೆ ಬಿಟ್ಟವರು ಸಾವಿರ ಜನ' ಎಂಬ ಮಾತು ನಾಲಿಗೆಯ ತುದಿಗೆ ಬಂದು ಕುಣಿಯುತ್ತಿತ್ತು. ಎರಡು ಸಾವಿರ ಎಂದರೆ ಇನ್ನೂ ಚೆಂದ. ಆದರೆ ನನ್ನ ಬಾಯಿಂದ ಬಂದ ಎರಡು ಸಾವಿರವನ್ನು ಅವಳು ಸೊನ್ನೆ ಎಂದೇ ಓದುತ್ತಾಳೆ. ಹುಣಸೆಮರದ ಕೆಳಗೆ ನಿಂತು ಇದ್ದ ಸಂಖ್ಯೆಯನ್ನೇ ಹನ್ನೆರಡು ಸಲ ಬಾಯಿಪಾಠ ಮಾಡಿದೆ. ನನ್ನ ಜೀವಮಾನದಲ್ಲಿ ಮಾಡಿದ ಅತಿ ಕಷ್ಟದ ಕೆಲಸ ಅದು. ಹಳೇಬೀಡಿನ ಸವಾರಿ ಅದರ ಮುಂದೆ ಏನೂ ಅಲ್ಲ.

ಸ್ವಾತಿ ಬಾಗಿಲು ತೆಗೆದಳು. "ನೂರ ತೊಂಬತ್ತೆರಡು," ಎಂದೆ. ಆಮೇಲೆ ಕೊಸರಿನ ವಿಷಯ ಹೇಳಿದೆ. ಒಂದು ಕಾಯಿಯನ್ನೂ ಹೆಚ್ಚು ಸೇರಿಸಲಿಲ್ಲ.

"ನೀವು ಇದುವರೆಗೆ ಹೇಳಿದ್ದರಲ್ಲಿ ಇದೇ ಅತಿ ಸಣ್ಣ ಸಂಖ್ಯೆ ಅಂಕಲ್."

"ಹೌದು ಮೇಡಂ."

"ನಿಜ ಇರಬಹುದು. ಆದರೆ ಕಾಗದದ ಮೇಲೆ ತೋರಿಸಬೇಕು."

ಸೋಮವಾರ ಬೆಳಿಗ್ಗೆ ಎಂಟರಿಂದ ಒಂಬತ್ತರವರೆಗೆ ಇಬ್ಬರೂ ಕೂತರು. ಕಟ್ಟೆಯ ಮೇಲೆ ಹನುಮಂತಯ್ಯ, ಕಾಯಿಮೂಟೆಯ ಜೊತೆ, ತನ್ನ ಪದ್ಧತಿಯಲ್ಲೇ. ಎದುರಿನ ಮೆಡಿಕಲ್ ಶಾಪಿನ ಮೆಟ್ಟಿಲ ಮೇಲೆ ಸ್ವಾತಿ, ಒತ್ತಿದರೆ ಒಂದು ಏರುವ ಸಣ್ಣ ಯಂತ್ರ ಹಿಡಿದು. ನನ್ನನ್ನು ಅಂಗಡಿಯೊಳಗೆ ಕೂರಿಸಿ ಹೊರಗೆ ಕಾಲಿಡಬಾರದೆಂದು ಆಜ್ಞೆಯಾಗಿತ್ತು. ಆ ಒಂದು ಗಂಟೆಯಲ್ಲಿ ನನಗೆ ಮೂರು ವರ್ಷ ವಯಸ್ಸಾಯಿತು. ಗಾಜಿನ ಆಚೆ ಜನ ಅದೇ ಗೇಣು ಕಲ್ಲಿನ ಮೇಲೆ ಕೈ ಚಾಚಿ ತೂಗಾಡುತ್ತ ಹೋಗುತ್ತಿದ್ದರು. ಒಬ್ಬ ಹುಡುಗಿ ಸೈಕಲ್ಲನ್ನು ಹೊಡೆಯಲಾಗದೆ ತಳ್ಳಿಕೊಂಡೇ ಹೋದಳು. ಅವಳು ಕೊಸರಿಗೆ ಬೀಳದಿರಲಿ ಎಂದುಕೊಂಡೆ.

ಒಂಬತ್ತಕ್ಕೆ ಹನುಮಂತಯ್ಯನ ಲೆಕ್ಕ ಐದು ಕಾಯಿ, ಮೇಲೆ ಹದಿನೇಳು: ಐನೂರ ಹದಿನೇಳು. ಸ್ವಾತಿಯ ಯಂತ್ರದಲ್ಲಿ ಐನೂರ ಮೂವತ್ತೇಳು. ಐದು ನೂರಕ್ಕೆ ಇಪ್ಪತ್ತು ಕೊಸರು. ಒಬ್ಬರೂ ಹೆಚ್ಚಿಲ್ಲ, ಕಡಿಮೆಯಿಲ್ಲ.

"ನಾ ಏನ್ ಯೋಳ್ದೆ?" ಎಂದ ಹನುಮಂತಯ್ಯ. ತನ್ನನ್ನು ಪರೀಕ್ಷೆ ಮಾಡಿದ್ದಕ್ಕೆ ಅವನಿಗೆ ಸ್ವಲ್ಪ ಕೋಪವೇ ಬಂದಿತ್ತು.

ಅರ್ಜಿಯಲ್ಲಿ 'ಎಣಿಕೆಯ ವಿಧಾನ' ಎಂಬ ಒಂದು ಅಂಕಣವಿತ್ತು. ಸ್ವಾತಿ ಅದರಲ್ಲಿ ಕೊಸರಿನ ವಿವರವನ್ನೂ ಬೆಳಗಿನ ಪರೀಕ್ಷೆಯನ್ನೂ ಬರೆದು, ಹನುಮಂತಯ್ಯನ ರುಜು ಹಾಕಿಸಿ ಐದಕ್ಕೆ ಹತ್ತು ನಿಮಿಷವಿರುವಾಗ ಕಳಿಸಿದಳು. ವಾರದ ನಂತರ ಬೆಂಗಳೂರಿನಿಂದ ಒಬ್ಬ ಅಧಿಕಾರಿ ಫೋನ್ ಮಾಡಿ, ಕೊಸರು ಎಂದರೆ ಯಾವ ನಿಯಮದಡಿ ಎಂದು ಕೇಳಿದರಂತೆ. ಅವಳು ಮಂಡಿಗೆ ಹೋಗಿ ಫೋನನ್ನು ಹನುಮಂತಯ್ಯನ ಕಿವಿಗೆ ಹಿಡಿದಳು. ಅವನು ಕಾಯಿ, ಕೊಬ್ಬರಿ, ವೀಳ್ಯದೆಲೆ ಒಂದೊಂದರ ಕೊಸರನ್ನೂ ಬೇರೆಬೇರೆಯಾಗಿ ವಿವರಿಸಿದ. ವೀಳ್ಯದೆಲೆಯ ಹೊತ್ತಿಗೆ ಅಧಿಕಾರಿಗಳು ಸಂಖ್ಯೆಯನ್ನು ಒಪ್ಪಿಕೊಂಡಿದ್ದರು.

ಎರಡು ತಿಂಗಳಿಗೆ ಅನುದಾನ ಮಂಜೂರಾಯಿತು. ಒಂದು ವರ್ಷಕ್ಕೆ ದಾರಿ ಮುಗಿಯಿತು. ಈಗ ಫುಟ್‌ಪಾತು ಎಷ್ಟು ಅಗಲವೆಂದರೆ ಎರಡು ಆನೆ ಎದುರುಬದುರು ಬಂದರೂ ಕ್ಷೇಮಸಮಾಚಾರ ಕೇಳಿಕೊಂಡು ಹೋಗಬಹುದು. ಹೊಂಗೆ ಗಿಡಗಳು ಮೊಣಕಾಲುದ್ದ ಇವೆ, ಆದರೂ ಅವುಗಳ ನೆರಳಲ್ಲೇ ನಾನು ನಿತ್ಯ ಅಂಗಡಿಗೆ ಬರುತ್ತೇನೆ.

ಕಳೆದ ಭಾನುವಾರ ಚಿದಂಬರ ಬಂದಿದ್ದ. ಬೇಲೂರಿನ ಬಸ್ಸಿನಿಂದ ಇಳಿದವನು ಆ ಕಪ್ಪು ಕುರ್ಚಿಯನ್ನು ಹೊಸ ಫುಟ್‌ಪಾತಿನ ಮೇಲೆ ಅದರದೇ ಗಾಲಿಯಲ್ಲಿ ಉರುಳಿಸಿಕೊಂಡು ಬಸ್ ಸ್ಟ್ಯಾಂಡಿನಿಂದ ನನ್ನ ಅಂಗಡಿಯವರೆಗೆ ಬಂದ. ಎಲ್ಲೂ ಎತ್ತಬೇಕಾಗಲಿಲ್ಲ.

"ತಗೊಳ್ಳಿ ಭಾವ. ಅಲ್ಲಿ ಕೂರೋರಿಲ್ಲ."

ವಾಪಸು ಹೋಗುವಾಗ ಮಗಳು ಅಕ್ಷತಾಗೆ ಒಂದು ನೀಲಿ ಸೈಕಲ್ ತೆಗೆದುಕೊಂಡ. ಚೌಕಾಸಿ ಮಾಡಿದ, ನಾನು ಸೈಕಲ್ ಬೆಲ್ ಒಂದನ್ನು ಕೊಸರು ಹಾಕಿ ಕಳಿಸಿದೆ.

ಕುರ್ಚಿಯಲ್ಲಿ ಈಗ ಸಂಜೆ ಹೊತ್ತು ಹನುಮಂತಯ್ಯ ಕೂರುತ್ತಾನೆ, ಮಂಡಿ ಮುಗಿದ ಮೇಲೆ. ನಿನ್ನೆ ಶಾಲೆ ಬಿಡುವ ಸಮಯದಲ್ಲಿ ಸೈಕಲ್ಲುಗಳು ಸಾಲಾಗಿ ಹೋಗುತ್ತಿದ್ದವು. "ನೋಡು ಹನುಮಂತಣ್ಣ, ಏನಿಲ್ಲ ಅಂದ್ರೂ ಎರಡು ಸಾವಿರ," ಎಂದೆ.

ಅವನು ಕುರ್ಚಿಯನ್ನು ಸ್ವಲ್ಪ ತಿರುಗಿಸಿ ರಸ್ತೆಯ ಕಡೆ ನೋಡಿದ. "ಎಂಬತ್ತಾರು," ಎಂದ. "ನೂರಾಗ್ಲಿ ತಡಿ, ಕೊಸರು ಬಿಡ್ಬೇಕು."